ಅಕ್ಕೋರ ಅಂತರಾ

ಮೊನ್ನೆ ಇಂಡಿ ಬಜಾರದಲ್ಲಿ ಲಿಂಬಿಕಾಯಿ ಮಾರುವವನಿಗೆ ಚಿಲ್ಲರೆ ಕೊಡಲೆಂದು ಪರ್ಸು ಬಿಚ್ಚಿದೆ. ನಾಣ್ಯಗಳ ಜೊತೆ ಒಂದಿಷ್ಟು ಬಿಳಿ ನೂಲಿನ ತುಂಡುಗಳೂ ಉದುರಿ ಅವನ ಲಿಂಬಿಕಾಯಿ ರಾಶಿಯ ಮೇಲೆ ಬಿದ್ದವು. ಅವನು ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ಭಯಭಕ್ತಿಯಿಂದ ಕೇಳಿದ:

"ಯಾವ ದರ್ಗಾದ್ದರಿ ಟೀಚರ? ಇಷ್ಟ್ಯಾಕ ಇಟಗೊಂಡೀರಿ?"

"ದರ್ಗಾದ್ದಲ್ಲಪಾ. ಇದು ತಂಬೂರಿಗೆ ಹಾಕೂದು."

"ತಂಬೂರಿಗೂ ದೃಷ್ಟಿ ಆಗತೈತೇನ್ರಿ?"

ಆಗುತ್ತದೆ ಎಂದುಬಿಟ್ಟೆ. ಬಿಸಿಲು ನೆತ್ತಿ ಸುಡುತ್ತಿತ್ತು, ಅಲ್ಲಿ ನಿಂತು ಪಾಠ ಮಾಡುವ ತಾಳ್ಮೆ ನನಗಿರಲಿಲ್ಲ. ಅವನು ನೂಲನ್ನು ಕಣ್ಣಿಗೊತ್ತಿಕೊಂಡು ಮರಳಿ ಕೊಟ್ಟ, ಮೇಲೆ ಎರಡು ಲಿಂಬಿಕಾಯಿ ಹೆಚ್ಚಿಗೆ ಹಾಕಿದ. ಪುಕ್ಕಟೆ ಬಂದದ್ದನ್ನು ನಾನೇಕೆ ಬೇಡವೆನ್ನಲಿ?

ನಿಮಗಾದರೂ ನಿಜ ಹೇಳುತ್ತೇನೆ. ತಂಬೂರಿಯ ಬುರುಡೆಯ ಮೇಲೆ ತಂತಿಗಳಿಗೆ ಆಸರೆಯಾಗಿ ಒಂದು ಸಣ್ಣ ಮಣೆ ಇರುತ್ತದೆ, ಅದಕ್ಕೆ ಕುದುರೆ ಎನ್ನುತ್ತಾರೆ; ತಂತಿ ಅದರ ಮೇಲೆ ಹಾದುಹೋಗುವಲ್ಲಿ, ತಂತಿಗೂ ಕುದುರೆಗೂ ನಡುವೆ ಒಂದೆಳೆ ನೂಲು ಸಿಕ್ಕಿಸುತ್ತಾರೆ. ಅದನ್ನು ಚೂರು ಆಚೆ, ಚೂರು ಈಚೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ, ಅಲ್ಲಿಯವರೆಗೆ ಬರೀ ಟಂಯ್ ಎನ್ನುತ್ತಿದ್ದ ತಂತಿ ಒಮ್ಮೆಲೆ ಝೇಂಕರಿಸತೊಡಗುತ್ತದೆ. ಸಂಗೀತದಲ್ಲಿ ನನಗೆ ಗೊತ್ತಿರುವುದು ಇಷ್ಟೇ. ಶ್ರುತಿ ಕೂಡಿಸುವುದೂ ನನಗೆ ಬಾರದು, ಅದನ್ನು ಹಾಡುವವರೇ ಮಾಡಿಕೊಳ್ಳಬೇಕು. ನೂಲು ಸರಿಸುವುದು, ತಂತಿ ಮೀಟುತ್ತ ಕೂಡುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸ.

ಮೂರನೆಯದನ್ನು ನನಗೆ ಕಲಿಸಿದವರು ನೀಲವ್ವ ಅಕ್ಕೋರು.

ನಾನು ಹುಟ್ಟಿ ಬೆಳೆದದ್ದು ಸಿಂದಗಿಯಲ್ಲಿ. ನಮ್ಮ ಅಬ್ಬಾನದು ಸೈಕಲ್ ರಿಪೇರಿ ಅಂಗಡಿ. ನಮ್ಮ ಮನೆಗೂ ಮಲ್ಲಪ್ಪ ಮಾಸ್ತರರ ಮನೆಗೂ ಒಂದೇ ಗೋಡೆ. ಮಾಸ್ತರರು ಹೈಸ್ಕೂಲಿನಲ್ಲಿ ಸಂಗೀತ ಕಲಿಸುತ್ತಿದ್ದರು, ಅವರ ಹೆಂಡತಿ ನೀಲವ್ವ ಮನೆಯಲ್ಲಿ ಓಣಿಯ ಹುಡುಗಿಯರಿಗೆ ಕಲಿಸುತ್ತಿದ್ದರು. ಕಲಿಸುವ ಹೆಣ್ಣುಮಕ್ಕಳೆಲ್ಲ ನಮಗೆ ಅಕ್ಕೋರು, ಹಾಗಾಗಿ ಅವರೂ ಅಕ್ಕೋರು. ಗೋಡೆಯಾಚೆ ಇಷ್ಟೊಂದು ವಿದ್ಯೆ ಸುಮ್ಮನೆ ಹರಿದು ಹೋಗುತ್ತಿದೆಯಲ್ಲ ಎಂದು ಅಬ್ಬಾನಿಗೆ ಒಂದು ದಿನ ಸಂಕಟವಾಯಿತು. ನನ್ನ ತಲೆಗೆ ಎಣ್ಣೆ ಹಚ್ಚಿ, ಬಿಗಿದು ಎರಡು ಜಡೆ ಹಾಕಿಸಿ, ಕೈ ಹಿಡಿದು ಕರೆದೊಯ್ದ.

ಅಕ್ಕೋರು "ಸಾ ಅನ್ನವಾ" ಎಂದರು. ನಾನು ಅಂದೆ. ಅವರು ನನ್ನ ಮುಖ ನೋಡಿದರು, ಮಾಳಿಗೆ ನೋಡಿದರು, ಇನ್ನೊಮ್ಮೆ ಅನ್ನು ಎಂದರು. ಇನ್ನೊಮ್ಮೆ ಅಂದೆ. ಪಡಸಾಲೆಯಲ್ಲಿ ಅಡ್ಡಾಗಿದ್ದ ಮಾಸ್ತರರು ಎದ್ದು ಕೂತು, "ಅಪ್ಪನ ಅಂಗಡಿ ಪಂಪು ತಂದೀಯೇನಲೇ? ಟ್ಯೂಬಿಗೆ ಗಾಳಿ ಹೊಡದಂಗ ಆಗಾಕತ್ತೈತಿ!" ಎಂದು ನಕ್ಕರು. ನನಗೆ ಅಳು ಬಂತು. ಅಕ್ಕೋರು ಗಂಡನಿಗೆ ಕಣ್ಣು ಬಿಟ್ಟು, ಮೂಲೆಯಲ್ಲಿದ್ದ ತಂಬೂರಿಯನ್ನು ತಂದು ನನ್ನ ತೊಡೆಯ ಮೇಲಿಟ್ಟರು.

"ನೀ ಇದನ್ನ ಹಿಡಿ. ಬಾಯಿ ಮುಚ್ಚಿಕೊಂಡಿದ್ರ ಭಾಳ ಚಂದ ಕಾಣ್ತಿ ನೀ."

ನಾನು ಇಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ದನಿ ಕೇಳಿದರೆ ಹತ್ತನೆಯ ಇಯತ್ತೆಯ ಹುಡುಗರು ತಾವಾಗಿಯೇ ಮೊಬೈಲು ಬಚ್ಚಿಡುತ್ತಾರೆ. ಆದರೆ ಸಭೆಯಲ್ಲಿ ತಂಬೂರಿ ಹಿಡಿದಾಗ ಮಾತ್ರ ಈವರೆಗೂ ಬಾಯಿ ಬಿಚ್ಚಿದವಳಲ್ಲ. ಒಂದೇ ಒಂದು ಸಲ ಬಿಚ್ಚಿದೆ. ಅದನ್ನೇ ಹೇಳಲಿಕ್ಕೆ ಹೊರಟವಳು ಸೈಕಲ್ ಪಂಪಿನ ಕಥೆ ಹೇಳುತ್ತ ಕೂತಿದ್ದೇನೆ.

ಸಂಗೀತದವರು ತಾವು ಕಟ್ಟಿದ ಹಾಡಿಗೆ ಚೀಜು ಎನ್ನುತ್ತಾರೆ. ಅದಕ್ಕೆ ಎರಡು ಭಾಗ. ಮೊದಲರ್ಧ ಅಸ್ತಾಯಿ, ಎರಡನೆಯದು ಅಂತರಾ. ಕಟ್ಟಿದವರ ಅಂಕಿತ ಬರುವುದು ಅಂತರಾದಲ್ಲಿ. ಬೇರೆ ಕಡೆ ಎರಡನ್ನೂ ಒಬ್ಬರೇ ಕಟ್ಟುತ್ತಾರೆ. ಈ ಮನೆಯ ರೀತಿ ಬೇರೆ. ಅಕ್ಕೋರು ರೊಟ್ಟಿ ಬಡಿಯುತ್ತ ಬಡಿಯುತ್ತ ಅಸ್ತಾಯಿ ಕಟ್ಟುವರು. ರೊಟ್ಟಿಯ ಸಪ್ಪಳವೇ ತಾಳ. ಎರಡು ರೊಟ್ಟಿ ಹಂಚಿನಿಂದ ಇಳಿಯುವಷ್ಟರಲ್ಲಿ ಪಡಸಾಲೆಯಿಂದ ಮಾಸ್ತರರ ಅಂತರಾ ಬರುವುದು. ಇಬ್ಬರೂ ಎದುರುಬದುರು ಕೂತು ಚರ್ಚಿಸಿದ್ದನ್ನು ನಾನಂತೂ ಕಂಡಿಲ್ಲ. ಹೀಗೆಯೇ ವರ್ಷಗಟ್ಟಲೆ ನಡೆಯಿತು. ಎಲ್ಲ ಕನ್ನಡದ ಚೀಜುಗಳು, ಅದೂ ನಮ್ಮ ಕಡೆಯ ಕನ್ನಡ, ಯಾಕೆಂದರೆ ಅಕ್ಕೋರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ.

ಜಗಳವಾದ ದಿನ ಮಾತ್ರ ಅಂತರಾ ಬರುತ್ತಿರಲಿಲ್ಲ. ಅಕ್ಕೋರು ಅಸ್ತಾಯಿಯನ್ನು ಹಾಡುವರು, ಮತ್ತೆ ಹಾಡುವರು, ಪಡಸಾಲೆ ತುಟಿ ಪಿಟ್ಟೆನ್ನದು. ಗೋಡೆಯ ಈಚೆ ನಮ್ಮ ಅಮ್ಮಿಗೆ ಬಟ್ಟೆ ಒಗೆಯುವುದರಲ್ಲೂ ಮನಸ್ಸಿಲ್ಲ. "ಇನ್ನೂ ಅಂತರಾ ಬಂದಿಲ್ಲ ನೋಡ. ಅಕಿ ಏನ್ ಅಂದಳೋ, ಅವರು ಏನ್ ಅಂದರೋ" ಎಂದು ಒದ್ದಾಡುವಳು. ಸಂಜೆಗೆ ಮಾಸ್ತರರ ದನಿ ಎದ್ದರೆ ಇಡೀ ಓಣಿಗೆ ಉಸಿರು ಬಿಟ್ಟಂತಾಗುವುದು.

ಅಂತರಾ ಕಟ್ಟಿದವರು ಅಂಕಿತ ಹಾಕಬೇಕು, ಅಂತರಾ ಯಾವಾಗಲೂ ಮಾಸ್ತರರದು. ಹಾಗಾಗಿ ಪ್ರತಿಯೊಂದು ಚೀಜಿನಲ್ಲಿ ಅವರ ಅಂಕಿತ 'ಮಲ್ಲರಂಗ'. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಇಂಡಿ, ಮುದ್ದೇಬಿಹಾಳದ ತನಕ ಆ ಚೀಜುಗಳನ್ನು ಹಾಡಿದರು, ಒಂದೆರಡು ರೇಡಿಯೋದಲ್ಲೂ ಬಂದವು. ಕೇಳಿದವರೆಲ್ಲ ಮಲ್ಲರಂಗರ ರಚನೆ ಎಂದರು. ಒಮ್ಮೆ ಲಚ್ಯಾಣದ ಮಠದಲ್ಲಿ ಮಾಸ್ತರರ ಹಾಡಿಕೆ. ಹಿಂದೆ ಒಂದು ತಂಬೂರಿ ಹಿಡಿದು ನಾನು, ಇನ್ನೊಂದು ಹಿಡಿದು ಅಕ್ಕೋರು. ಮುಗಿದ ಮೇಲೆ ಪ್ರಸಾದದ ಪಂಕ್ತಿಯಲ್ಲಿ ಯಾರೋ ದೊಡ್ಡಮನುಷ್ಯರು ಅಕ್ಕೋರನ್ನು, "ತಾಯಿ, ನೀವೂ ಏನರ ಹಾಡೂದು ಕಟ್ಟೂದು ಮಾಡ್ತೀರೇನ್ರಿ?" ಎಂದು ಕೇಳಿದರು. "ರೊಟ್ಟಿ ಮಾಡ್ತೇನ್ರಿ" ಎಂದರು ಅಕ್ಕೋರು. ಮಾಸ್ತರರು ಬಿದ್ದು ಬಿದ್ದು ನಕ್ಕರು. ನನಗೆ ಆಗ ನಗು ಬಂದಿತ್ತು, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅವರಿಗೆ ಮಕ್ಕಳಾಗಲಿಲ್ಲ. ಚೀಜುಗಳೇ ನಿಮ್ಮ ಮಕ್ಕಳು ಬಿಡಿ ಎಂದು ಸಮಾಧಾನ ಹೇಳುವವರಿಗೇನೂ ಕೊರತೆ ಇರಲಿಲ್ಲ. ಅಕ್ಕೋರಿಗೆ ಆ ಮಾತು ಸೇರುತ್ತಿರಲಿಲ್ಲ. ಹಾಗೆಂದವರು ಎದ್ದುಹೋದ ಮೇಲೆ ನನ್ನ ಕಡೆ ತಿರುಗಿ, "ಹೌದವಾ, ಮಕ್ಕಳಾಗಿದ್ರೂ ಹೆಸರು ಅವರದ ಬರತಿತ್ತಲ್ಲ" ಎನ್ನುವರು.

ಹೆಸರಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕು. ಆ ಕಾಲದ ಗಂಡ ಹೆಂಡತಿ ಒಬ್ಬರ ಹೆಸರು ಇನ್ನೊಬ್ಬರು ಎತ್ತುತ್ತಿರಲಿಲ್ಲ. ಮಾಸ್ತರರಿಗೆ ಹೆಂಡತಿ ಎಂದರೆ 'ಅಕಿ', ಕರೆಯಬೇಕಾದರೆ 'ಏ ಕೇಳಿಲ್ಲೆ'. ಅಕ್ಕೋರಿಗೆ ಗಂಡ ಎಂದರೆ 'ನಮ್ಮವರು'. ಮದುವೆಯಲ್ಲಿ ಮಾತ್ರ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಹೆಸರು ಹೇಳುವವರೆಗೂ ಒಳಗೆ ಬಿಡುವುದಿಲ್ಲ. ಅಕ್ಕೋರು ಆಗ ಹೇಳಿದ ಒಡಪನ್ನು ನನಗೆ ಹೇಳಿ ತೋರಿಸಿದ್ದರು: "ಬಾಗೇವಾಡಿ ಬೆಲ್ಲ ಹೊಯ್ದಾರ ಅಚ್ಚಿಗೆ, ಮಲ್ಲಪ್ಪನವರ ಹಾಡು ನನ್ನ ಮನಸಿಗೆ ಮೆಚ್ಚಿಗೆ." ಬಸವನ ಬಾಗೇವಾಡಿ ಅವರ ತವರು. ಮಾಸ್ತರರಿಗೆ ಪಾಪ, ಏನೂ ಹೊಳೆಯಲಿಲ್ಲವಂತೆ. ಮುಂದೆ ಅಷ್ಟು ಅಂತರಾ ಕಟ್ಟಿದ ಮನುಷ್ಯ ಅವತ್ತು ಬೆವರಿ, "ನೀಲವ್ವ!" ಎಂದು ಒದರಿ, ಹೆಂಗಸರ ಕೈ ಕೆಳಗೆ ತೂರಿ ಒಳಗೆ ಓಡಿದರಂತೆ. ಅದೇ ಮೊದಲು, ಅಕ್ಕೋರು ಇರುವ ತನಕ ಅದೇ ಕೊನೆ.

ಅಕ್ಕೋರಾದರೂ ಗಂಡನ ಅಂಕಿತವನ್ನು ದಿನಾ ಹಾಡಬೇಕಿತ್ತು. ಹುಡುಗಿಯರಿಗೆ ಕಲಿಸುವಾಗ 'ಮಲ್ಲರಂಗ' ಬಂದ ಕೂಡಲೆ ಎಡಗೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆಯುವುದು. ನಾವು ಹುಡುಗಿಯರು ಅದನ್ನೇ ಕಾಯುತ್ತಿದ್ದು, ಸೆರಗು ಏರಿದ ಕೂಡಲೆ ಒಬ್ಬರನ್ನೊಬ್ಬರು ಚಿವುಟಿ ನಗುತ್ತಿದ್ದೆವು.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಒಂದು ಬೇಸಿಗೆಯ ದಿನ. ಸಾಲಿಗೆ ರಜೆ. ಮಾಸ್ತರರು ಪಡಸಾಲೆಯಲ್ಲಿ ಬೀಸಣಿಕೆ ಎದೆಯ ಮೇಲಿಟ್ಟು ಮಲಗಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದೆ. ಅಕ್ಕೋರು ರೊಟ್ಟಿ ಬಡಿಯುತ್ತ, ದನಿ ತಗ್ಗಿಸಿ, "ಮೆಹರೂನ, ಇಲ್ಲೆ ಸರಿ. ಒಂದು ಹೇಳತೇನಿ" ಎಂದರು. ಹೊಸ ಚೀಜು. ಸಾರಂಗ ರಾಗ, ನಡುಹಗಲಿನ ರಾಗ ಎಂದು ಅವರೇ ಹೇಳಿದರು, ನನಗೇನು ಗೊತ್ತು? ಅಸ್ತಾಯಿ ಹೀಗಿತ್ತು:

ಬಾರದಿದ್ದರ ಬ್ಯಾಡ, ಬರತೇನಂತ ಅನ್ನಬಾರದ?

ಅಷ್ಟಕ್ಕೆ ನಿಲ್ಲಿಸುತ್ತಾರೆಂದುಕೊಂಡೆ. ನಿಲ್ಲಿಸಲಿಲ್ಲ. ಅಂತರಾ ಹಾಡಿದರು:

ಹೆಸರ ಹಿಡಿದು ಕರಿಯೊಮ್ಮೆ, ನೀಲವ್ವ ಓ ಅಂದಾಳು.

ಹೆಸರು ಬಂದಲ್ಲಿ ಹಂಚಿನ ಮೇಲಿನ ರೊಟ್ಟಿ ತಿರುವಲು ಬಗ್ಗಿದರು. ಎದ್ದಾಗ ಮುಖವೆಲ್ಲ ಕೆಂಪು. ಒಲೆಯ ಝಳವೋ, ಇನ್ನೇನೋ.

"ಅಕ್ಕೋರ, ಅಂತರಾನೂ ನೀವ ಕಟ್ಟೀರಿ!"

"ಹೂಂ. ಒಂದರಾಗರ ನನ್ನ ಹೆಸರು ಇರಲಿ. ಇವತ್ತ ಪೂರ್ತಿ ನಾನ ಹಾಡಾಕಿ. ನಮ್ಮವರು ಏನಂತಾರ ನೋಡೂಣು. ನೀ ಸುಮ್ಮ ಕುಂದ್ರು."

ಅಕ್ಕೋರು ಕೈ ತೊಳೆದರು. ಹಾಡಲಿಕ್ಕೆ ಕೈ ತೊಳೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೊಸ ಹುಡುಗಿಯಂತೆ ಗಂಟಲು ಸರಿಮಾಡಿಕೊಂಡು, ಪಡಸಾಲೆಗೆ ಕೇಳುವಂತೆ ಅಸ್ತಾಯಿ ಎತ್ತಿದರು. ಎರಡು ಸಲ ಹಾಡಿದರು. ಅಂತರಾಕ್ಕೆಂದು ಉಸಿರು ತೆಗೆದುಕೊಂಡರು, ಬಾಯಿ ತೆರೆದರು. ಅಷ್ಟರಲ್ಲಿ ಪಡಸಾಲೆಯಿಂದ, ನಿದ್ದೆಗಣ್ಣಿನಲ್ಲೇ, ಮಾಸ್ತರರ ದನಿ ಮೇಲೆದ್ದಿತು:

ಹಗಲು ಇಳಿದೀತು, ನೆರಳು ಬೆಳೆದೀತು, ಮಲ್ಲರಂಗ ಬಂದಾನು ತಡಿಯ.

ಅವರ ತಪ್ಪೇನು ಹೇಳಿ? ಅಷ್ಟು ವರ್ಷದ ರೂಢಿ. ಅಸ್ತಾಯಿ ಕಿವಿಗೆ ಬಿದ್ದರೆ ಅಂತರಾ ಬಾಯಿಗೆ ಬರುವುದು ಅವರಿಗೆ ಆಕಳಿಕೆಯಷ್ಟು ಸಹಜವಾಗಿತ್ತು. ಒಂದು ನಿಮಿಷ ಕಾಯುವುದು ಅವರಿಗೆ ಗೊತ್ತೇ ಇರಲಿಲ್ಲ. ಅವತ್ತೊಂದು ದಿನ ಇಬ್ಬರಿಗೂ ಜಗಳವಾಗಿರಬಾರದಿತ್ತೇ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಅಕ್ಕೋರು ತೆರೆದ ಬಾಯಿ ಮುಚ್ಚಿದರು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು, ತೆಗೆದರು. "ಚಲೋ ಮಾಡ್ಯಾರ ನೋಡ" ಎಂದರು. ನಿಜಕ್ಕೂ ಚಲೋ ಇತ್ತು, ಆಮೇಲೆ ಎಲ್ಲರೂ ಹಾಡಿದರು. ನಾನು ಏಳಲು ಹೋದೆ. ರೊಟ್ಟಿ ತೆಗೆದ ಬಿಸಿ ಕೈಯಿಂದಲೇ ನನ್ನ ಮೊಣಕೈ ಹಿಡಿದು ಕೂಡಿಸಿದರು.

"ಅವರ ಮುಂದ ಹೇಳಿಗೀಳೀಯ. ನನ್ನಾಣಿ ಐತಿ."

ಆ ಅಂತರಾವನ್ನು ಅವರು ಮತ್ತೆ ಎಂದೂ ಹಾಡಲಿಲ್ಲ. ಅದನ್ನು ಕೇಳಿದವಳು ಈ ಲೋಕದಲ್ಲಿ ನಾನೊಬ್ಬಳೇ. ಸಿಂದಗಿಯಲ್ಲಿ ಅಷ್ಟೊಂದು ಕಿವಿಗಳಿರುವಾಗ ಅದು ಬಂದು ಬಿದ್ದದ್ದು ಸೈಕಲ್ ಪಂಪಿನ ಮಗಳ ಕಿವಿಗೆ! ಮಾತುಗಳು ನೆನಪಿದ್ದವು. ಧಾಟಿ ಮಾತ್ರ ಆಗಲೇ ಸೋರಿ ಹೋಗಿತ್ತು.

ಇದಾಗಿ ಬಹಳ ವರ್ಷ ಕಳೆದವು. ನನಗೆ ನೌಕರಿಯಾಯಿತು, ಮದುವೆಯಾಯಿತು, ಇಂಡಿಗೆ ಬಂದೆ. ರಜೆಗೆ ಸಿಂದಗಿಗೆ ಹೋದಾಗ ತಂಬೂರಿ ಹಿಡಿಯುತ್ತಿದ್ದೆ. ಅಷ್ಟರಲ್ಲಿ ಮೊಬೈಲಿನಲ್ಲೇ ತಂಬೂರಿ ಬಂತು. ಗುಂಡಿ ಒತ್ತಿದರೆ ಸಾಕು, ನೂಲೂ ಬೇಡ, ನಾನೂ ಬೇಡ. ಮಾಸ್ತರರ ಹಳೆಯ ಶಿಷ್ಯ ಸಂಗಮೇಶ, ಈಗ ಮುದ್ದೇಬಿಹಾಳದಲ್ಲಿ ಸಂಗೀತದ ಕ್ಲಾಸು ನಡೆಸುವವನು, ಅದನ್ನು ಮಾಸ್ತರರಿಗೆ ತೋರಿಸಲು ತಂದ. ಅವರು ಕೇಳಿ, "ಚಲೋ ಐತಿ. ಇದರ ಮುಂದ ಕುಂತು ಬೈದ್ರ ಅಳತೈತೇನು?" ಎಂದರು. ನನ್ನ ನೌಕರಿ ಉಳಿಯಿತು.

ಅಕ್ಕೋರು ಹಾಸಿಗೆ ಹಿಡಿದಾಗ ವಿಜಯಪುರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಖಿಡಕಿಯಲ್ಲಿ ಕೂತ ಹುಡುಗಿ ಪೇಷಂಟ್ ಹೆಸರು ಕೇಳಿದಳು.

"ನಮ್ಮ ಮನಿಯವರ್ರಿ" ಎಂದರು ಮಾಸ್ತರರು.

"ಅದಲ್ರೀ ಅಜ್ಜಾರ, ಹೆಸರು. ಹೆಸರು ಏನು?"

ಮಾಸ್ತರರು ಬಾಯಿ ತೆರೆದರು. ಏನೂ ಬರಲಿಲ್ಲ. ಹಿಂದೆ ಸರದಿ ಬೆಳೆಯುತ್ತಿತ್ತು. ಅವರು ನನ್ನ ಕಡೆ ತಿರುಗಿ, "ನೀ ಹೇಳು" ಎಂದರು. ನಾನು ಹೇಳಿದೆ. ಗಾಲಿಕುರ್ಚಿಯಲ್ಲಿ ಬಾಗಿ ಕೂತಿದ್ದ ಅಕ್ಕೋರಿಗೆ ಆ ನೋವಿನಲ್ಲೂ ನಗು. "ಮದಿವ್ಯಾಗ ಒಮ್ಮೆ ಒದರ್ಯಾರ, ಅದು ಇನ್ನೂ ಮುಗಿದಿಲ್ಲ ಅವರಿಗೆ" ಎಂದರು. ಅದು ಅವರು ನನಗೆ ಹೇಳಿದ ಕೊನೆಯ ತಮಾಷೆ. ವಾರ ತುಂಬುವುದರೊಳಗೆ ಹೋಗಿಬಿಟ್ಟರು.

ಆಮೇಲೆ ಸಿಂದಗಿಯ ಆ ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು, ಚೀಜೂ ನಿಂತಿತು. ಖಾನಾವಳಿಯಿಂದ ಡಬ್ಬಿ ಬರುತ್ತಿತ್ತು. ಮಾಸ್ತರರು ಕಲಿಸುತ್ತಿದ್ದರು, ಹಾಡುತ್ತಿದ್ದರು, ಕಟ್ಟುತ್ತಿರಲಿಲ್ಲ. "ಅಸ್ತಾಯಿ ಇಲ್ಲದ ಅಂತರಾ ಹ್ಯಾಂಗ ಕಟ್ಟೂದು?" ಎನ್ನುವರು.

ಒಂದು ಸಂಜೆ ಸಂಗಮೇಶ ಬಂದು, "ಸರ, ಅಕ್ಕೋರ ನೆನಪಿಗೆ ಒಂದು ಕಾರ್ಯಕ್ರಮ ಮಾಡೂಣ್ರಿ, ಅವರ ತವರೂರು ಬಾಗೇವಾಡ್ಯಾಗ. ನಿಮ್ಮ ಚೀಜು ಹಾಡ್ತೇವಿ" ಎಂದ. ನಾನೂ ಅಲ್ಲಿದ್ದೆ, ನೂಲು ಬದಲಿಸುತ್ತಿದ್ದೆ.

"ನನ್ನವು ಅಂತ ಯಾರ್ ಹೇಳಿದ್ರೋ? ಅರ್ಧಾ ಅಕಿವು" ಎಂದರು ಮಾಸ್ತರರು. ತಂಬೂರಿಯ ಕಡೆ ನೋಡುತ್ತ, "ಅಕಿ ಹೆಸರು ಒಂದರಾಗೂ ಇಲ್ಲ ನೋಡು. ಏನ್ ಮಾಡೂದು, ಅಕಿ ಎಂದೂ ಕೇಳಲೂ ಇಲ್ಲ" ಎಂದರು.

ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ, ನಮ್ಮ ಶಾಲೆಯ ಹುಡುಗರಿಗೆ ಗೊತ್ತು. ಆಣೆ ಹಾಕಿಸಿಕೊಂಡದ್ದು ಮರೆತೇಹೋಯಿತು.

"ಕೇಳಿದ್ರು ಸರ! ಬಾಯಿ ತಗದು ಕೇಳಿದ್ರು. ಅಷ್ಟರಾಗ ನೀವು ಹಾಡಿಬಿಟ್ರಿ!"

ಎಲ್ಲ ಹೇಳಿದೆ. ಕೈ ತೊಳೆದದ್ದು, ಉಸಿರು ತೆಗೆದುಕೊಂಡದ್ದು, ರೊಟ್ಟಿ ಹೊತ್ತಿದ್ದು. ಅಂತರಾದ ಮಾತುಗಳನ್ನೂ ಹೇಳಿದೆ. ಮಾಸ್ತರರ ಮುಖ ನೋಡಲಾರದೆ ನಾನು ನೂಲನ್ನೇ ನೋಡುತ್ತಿದ್ದೆ. ಅವರು ಕೇಳಿದರು:

"ಧಾಟಿ ಹ್ಯಾಂಗಿತ್ತು?"

"ನಂಗ ಬರೂದಿಲ್ರಿ ಸರ. ನಿಮಗ ಗೊತ್ತೈತಲ್ಲ."

"ಹ್ಯಾಂಗ ಬರತೈತಿ ಹಂಗ ಅನ್ನು."

ಅಂದೆ. ಸಂಗಮೇಶ ಕಿವಿ ತುರಿಸಿಕೊಂಡ. ಮಾಸ್ತರರು ನಗಲಿಲ್ಲ. ಹಾರ್ಮೋನಿಯಂ ಎಳೆದುಕೊಂಡು, ಹೀಗಿತ್ತೇನು, ಹೀಗೇನು ಎಂದು ಒಂದೊಂದಾಗಿ ಹಾಡಿ ತೋರಿಸಿದರು. ಎಲ್ಲವೂ ಚಂದವೇ ಕೇಳಿಸಿದವು. ಯಾವುದು ಅಕ್ಕೋರದು ಎಂದು ಹೇಳಲು ನನ್ನಿಂದಾಗಲಿಲ್ಲ. ಆ ರಜೆಯಲ್ಲಿ ದಿನಾ ಇದೇ ನಡೆಯಿತು. ಅಲ್ಲಾಹ್ ನನಗೆ ಕಿವಿ ಕೊಡುವಾಗ ಇಷ್ಟು ಜಿಪುಣತನ ಯಾಕೆ ಮಾಡಿದ ಎಂದು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

"ಅಸ್ತಾಯಿ ಆಗಿದ್ರ ಕಂಡು ಹಿಡೀತಿದ್ದೆ" ಎಂದರು ಒಂದು ದಿನ. "ಅಕಿ ಅಸ್ತಾಯಿ ಎಲ್ಲಿ ಹೊಳ್ಳತೈತಿ, ಎಲ್ಲಿ ನಿಲ್ಲತೈತಿ, ಎಲ್ಲಾ ಗೊತ್ತು ನಂಗ. ಅಕಿ ಅಂತರಾ ನಾ ಒಂದೂ ಕೇಳಿಲ್ಲ ಮೆಹರೂನ."

"ನೀವ ಒಂದು ಧಾಟಿ ಕೂಡಿಸ್ರಿ ಸರ. ಮಾತು ಅವರವ ಅದಾವಲ್ಲ."

"ನಾ ಕೂಡಿಸಿದ್ರ ಅದೂ ನಂದ ಆಗತೈತಿ."

ಬಸವನ ಬಾಗೇವಾಡಿಯಲ್ಲಿ ಒಂದು ಸಣ್ಣ ಸಭಾಭವನ. ಅಕ್ಕೋರ ತವರಿನ ಮಂದಿ, ಸಿಂದಗಿಯ ಓಣಿಯವರು, ಶಿಷ್ಯರು. ಪಕ್ಕದ ಕೋಣೆಯಲ್ಲಿ ಹೆಂಗಸರು ಊಟದ ತಯಾರಿ ನಡೆಸಿದ್ದರು, ರೊಟ್ಟಿ ಬಡಿಯುವ ಸಪ್ಪಳ ಅಲ್ಲಿಂದ ಬರುತ್ತಿತ್ತು. ಮಾಸ್ತರರು ಕೊನೆಗೆ ಹಾಡಲು ಕೂತರು. ಹಿಂದೆ ನಾನು, ಒಂದೇ ತಂಬೂರಿ. ಬಾರದಿದ್ದರ ಬ್ಯಾಡ ಎಂದು ಎತ್ತಿದರು. ದನಿ ನಡುಗುತ್ತಿತ್ತು, ಆದರೂ ಜನ ತಲೆದೂಗಿದರು, ಎಲ್ಲರಿಗೂ ಗೊತ್ತಿದ್ದ ಚೀಜು. ಎರಡು ಸಲ ಹಾಡಿದರು. ಅಂತರಾ ಬರಬೇಕು.

ಮಾಸ್ತರರು ಸುಮ್ಮನಾದರು. ತಬಲಾ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಮರೆತರೆಂದು ಭಾವಿಸಿ ಸಂಗಮೇಶ ನೆರವಿಗೆ, 'ಹಗಲು ಇಳಿದೀತು' ಎಂದು ಶುರುಮಾಡಿದ. ಮಾಸ್ತರರು ಕೈಯೆತ್ತಿ ಅವನನ್ನು ತಡೆದರು. ಅವರು ಮರೆತಿರಲಿಲ್ಲ. ಕಾಯುತ್ತಿದ್ದರು. ಆ ಮನುಷ್ಯ ಅಸ್ತಾಯಿಯ ಮುಂದೆ ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದರು.

"ನೀ ಹೇಳು."

ಅಷ್ಟು ಜನರ ಮುಂದೆ ನಾನು ಬಾಯಿ ಬಿಚ್ಚಿದೆ. 'ಹೆಸರ ಹಿಡಿದು ಕರಿಯೊಮ್ಮೆ' ಎಂದೆ. ಹೆಸರು ಬಂದಲ್ಲಿ ದನಿಯನ್ನು ಮೇಲಕ್ಕೆ ಎಳೆದೆ, ಯಾಕೆಂದರೆ ಅಂತರಾ ಎಂದರೆ ಮೇಲೆ ಹೋಗುತ್ತದೆ ಎಂದು ಮಾಸ್ತರರ ಅಂತರಾಗಳನ್ನು ಕೇಳಿ ಕೇಳಿ ನನಗೆ ಅನಿಸಿತ್ತು. ಮೇಲೆ ಹೋದ ದನಿ ಅಲ್ಲೇ ಒಡೆಯಿತು. ಎಲ್ಲೋ ಹಿಂದೆ ಯಾರೋ ಕಿಸಕ್ಕೆಂದರು.

ಜೀವಮಾನವಿಡೀ ಎಲ್ಲರ ಸುರ ತಿದ್ದಿದ ಮಾಸ್ತರರು ಅವತ್ತು ತಿದ್ದಲಿಲ್ಲ. ನಾನು ಅಂದದ್ದನ್ನೇ ತೆಗೆದುಕೊಂಡು, ಹಾಗೆಯೇ, ನನ್ನ ಒಡಕನ್ನೂ ಸೇರಿಸಿ ಹಾಡಿದರು. "ನೀಲವ್ವ" ಎಂದರು. ಮದುವೆಯ ಬಾಗಿಲಲ್ಲಿ ಒದರಿದ ಮೇಲೆ ಎರಡನೆಯ ಸಲ. 'ನೀಲವ್ವ ಓ ಅಂದಾಳು' ಎಂದು ಹಾಡಿ, ಹಾಡು ನಿಲ್ಲಿಸಿ, ರೊಟ್ಟಿಯ ಸಪ್ಪಳ ಬರುತ್ತಿದ್ದ ಕೋಣೆಯ ಕಡೆ ಕಿವಿಗೊಟ್ಟು ಕೂತರು. ಯಾರೂ ಓ ಅನ್ನಲಿಲ್ಲ. ನಾನು ತಂಬೂರಿ ಮೀಟುತ್ತಲೇ ಇದ್ದೆ, ಬಿಡುವಂತಿರಲಿಲ್ಲ.

ಮರಳಿ ಬರುವಾಗ ಜೀಪಿನಲ್ಲಿ ಸಂಗಮೇಶ ಹೆದರುತ್ತ ಹೆದರುತ್ತ ಕೇಳಿದ: "ಸರ, ಆ ಹೆಸರಿನ ಮ್ಯಾಲ ಸುರ ಒಡೀತೈತ್ರಿ. ಸ್ವಲ್ಪ ಸರಿ ಮಾಡೂಣೇನ್ರಿ?"

"ಕೈ ಹಚ್ಚಬ್ಯಾಡ. ಕೇಳಿದಾಕಿ ಇಕಿ ಒಬ್ಬಾಕಿ."

ಅಂದಿನಿಂದ ಆ ಚೀಜನ್ನು ಅಕ್ಕೋರ ಅಂತರಾ ಸೇರಿಸಿಯೇ ಕಲಿಸಿದರು, ನನ್ನ ಒಡಕಿನ ಸಮೇತ. ಮುಂದಿನ ಮಳೆಗಾಲದ ಹೊತ್ತಿಗೆ ಮಾಸ್ತರರೂ ಇರಲಿಲ್ಲ. ತಂಬೂರಿ ಸಂಗಮೇಶನ ಪಾಲಿಗೆ ಬಂತು. ನೂಲು ಹಾಕುವ ನೆಪದಲ್ಲಿ ನಾನು ತಿಂಗಳಿಗೊಮ್ಮೆ ಇಂಡಿಯಿಂದ ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಹೋಗುತ್ತೇನೆ. ಪರ್ಸಿನಲ್ಲಿ ನೂಲು ಇರುವುದು ಅದಕ್ಕೆ.

ಹೋದ ತಿಂಗಳು ಹೋಗಿದ್ದೆ. ಸಂಗಮೇಶನ ಹೆಂಡತಿ ಭಾರತಿಯೂ ಹಾಡುತ್ತಾಳೆ. ಮಧ್ಯಾಹ್ನ ಊಟವಾದ ಮೇಲೆ, "ಟೀಚರ, ತಂಬೂರಿ ಹಿಡೀರಿ, ಅಕ್ಕೋರ ಚೀಜು ನಾನೂ ಒಮ್ಮೆ ಹಾಡತೇನಿ" ಎಂದಳು. ಸಂಗಮೇಶ ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ. ಭಾರತಿ ಅಸ್ತಾಯಿ ಮುಗಿಸಿ ಅಂತರಾಕ್ಕೆ ಬಂದಳು. ಹೆಸರು ಬಂದಲ್ಲಿ ಮೇಲೆ ಹೋಗಲಿಲ್ಲ. ದನಿ ಕೆಳಗಿಳಿಯಿತು, ಇಳಿಯುತ್ತ ಮೆತ್ತಗಾಯಿತು, ದನಿಯ ಜೊತೆ ಅವಳ ತಲೆಯೂ ಬಗ್ಗಿತು.

ನನ್ನ ಬೆರಳು ತಂತಿಯ ಮೇಲೆ ನಿಂತುಹೋಯಿತು.

ಹೊರಗಿನಿಂದ ಸಂಗಮೇಶ, "ಏ, ತಪ್ಪಿತದು! ಮ್ಯಾಲ ಹೋಗಬೇಕು. ಸರ್ ಹಿಂಗ ಹೇಳಿಕೊಟ್ಟಾರ ನೋಡು" ಎಂದು ತಾನೇ ಎತ್ತಿಕೊಂಡ.

"ಸಂಗ್ಯಾ, ಬಾಯಿ ಮುಚ್ಚು! ಅಕಿ ಮುಗಸಲಿ!" ಎಂದು ಚೀರಿದೆ. ಬೀದಿಗೆಲ್ಲ ಕೇಳಿಸಿರಬೇಕು. ಭಾರತಿ ಗಾಬರಿಯಾದಳು.

"ತಪ್ಪಾತ್ರಿ ಟೀಚರ. ಮ್ಯಾಲ ಅಂತ ಗೊತ್ತೈತ್ರಿ ನಂಗ. ಆದ್ರ ತನ್ನ ಹೆಸರು ತಾನ ಹೇಳೂದಲ್ರೀ, ಅದೂ ಗಂಡನ ಮುಂದ. ನಾಚಿಕಿ ಬಂದು ದನಿ ತಾನ ಕೆಳಗ ಹೋಗತೈತಿ."

ಅಕ್ಕೋರು ಅವತ್ತು ಬಗ್ಗಿದ್ದು ರೊಟ್ಟಿ ತಿರುವಲಿಕ್ಕಲ್ಲ. ಇಷ್ಟು ವರ್ಷ ನಾನು ಧಾಟಿಯನ್ನು ಕಿವಿಯಲ್ಲಿ ಹುಡುಕಿದೆ, ಅದು ನನ್ನ ಕಣ್ಣಿನಲ್ಲೇ ಇತ್ತು. ಇದೇ ಆ ಅಂತರಾ, ನನಗೆ ಒಂದಿಷ್ಟೂ ಅನುಮಾನವಿಲ್ಲ.

ಇನ್ನೊಮ್ಮೆ ಹಾಡು ಎಂದೆ. ಅವಳು ಹಾಡಿದಳು. ಸಂಗಮೇಶ ಬಾಗಿಲಿಗೆ ಬಂದು ಪೇಪರು ಹಿಡಿದುಕೊಂಡೇ ನಿಂತು ಕೇಳಿದ. ನಾನು ಅಳುತ್ತ ತಂಬೂರಿ ಮೀಟಿದೆ. ಇದನ್ನು ಕೇಳಬೇಕಾದವರು ಒಬ್ಬರೇ, ಅವರಿಲ್ಲ. ಇನ್ನೊಂದು ವರ್ಷ ಕಾದಿದ್ದರೆ ಮಾಸ್ತರರು ಕೇಳಿಯೇ ಹೋಗುತ್ತಿದ್ದರು. ಆದರೆ ಕಾಯುವುದು ಅವರಿಗೆ ಮೊದಲಿಂದಲೂ ಬರುತ್ತಿರಲಿಲ್ಲ.